ಪರ್ಲ್ ಹಾರ್ಬರ್: ಒಲ್ಲೆ ಅಂತಿದ್ದ ದೇಶ ಒಂದೇ ದಿನದಲ್ಲಿ ಯುದ್ಧಕ್ಕೆ ಇಳಿದದ್ದು ಹೇಗೆ? ಚರ್ಚಾಸ್ಪರ್ಧೆಗೆ ಮಾಹಿತಿ ಬೇಕು

ತುಂಗಾತೀರ · ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳ ಚರ್ಚಾಸ್ಪರ್ಧೆ ಇದೆ. ವಿಷಯ: "1941ರ ಡಿಸೆಂಬರ್ 7ರ ದಾಳಿ ಆಗದೇ ಇದ್ದಿದ್ದರೆ ಅಮೆರಿಕ ಎರಡನೇ ಮಹಾಯುದ್ಧಕ್ಕೆ ಬರುತ್ತಲೇ ಇರಲಿಲ್ಲ." ಪರ, ವಿರೋಧ ಎರಡೂ ಕಡೆಯವರಿಗೆ ಒಂದೇ ಟಿಪ್ಪಣಿ ಕೊಡಬೇಕು. ಮಕ್ಕಳಿಗೆ ಗೊತ್ತಿರುವುದು ಇಷ್ಟೆ: ಹವಾಯಿ ದ್ವೀಪದ ಪರ್ಲ್ ಹಾರ್ಬರ್‌ನಲ್ಲಿದ್ದ ಅಮೆರಿಕದ ನೌಕಾನೆಲೆಗೆ ಜಪಾನ್ ಬಾಂಬ್ ಹಾಕಿತು, ಅಮೆರಿಕಕ್ಕೆ ಸಿಟ್ಟು ಬಂತು. ಇಷ್ಟರ ಮೇಲೆ ಐದು ನಿಮಿಷ ಮಾತಾಡುವುದು ಹೇಗೆ?

ನನಗೆ ಮೂರು ಸಂಗತಿ ಸ್ಪಷ್ಟವಾಗಬೇಕು. ಯುದ್ಧ ಬೇಡವೇ ಬೇಡ ಅಂತಿದ್ದ ದೇಶ ಅಷ್ಟು ಬೇಗ ಹೇಗೆ ತಿರುಗಿತು? ಮುನ್ಸೂಚನೆ ಇತ್ತು ಅಂತಾರೆ, ಇದ್ದರೆ ಅದು ಯಾಕೆ ಮುಟ್ಟಬೇಕಾದವರಿಗೆ ಮುಟ್ಟಲಿಲ್ಲ? ಮತ್ತೆ, ಹೊಡೆದದ್ದು ಜಪಾನ್, ಜರ್ಮನಿಯ ಜತೆ ಯುದ್ಧ ಶುರುವಾದದ್ದು ಹೇಗೆ?

ಸಾಗರ_ಭಟ್ರು · 8:34

ಮೇಡಂ, ವಿಷಯದ ವಾಕ್ಯದಲ್ಲೇ ದೋಷ ಇದೆ. ಅಮೆರಿಕ ಆಗಲೇ ಅರ್ಧ ಯುದ್ಧದೊಳಗೆ ಇತ್ತು. 1940ರ ಸೆಪ್ಟೆಂಬರ್‌ನಲ್ಲೇ ಕಡ್ಡಾಯ ಸೇನಾ ಭರ್ತಿ ತಂದಿದ್ದರು, ಶಾಂತಿಕಾಲದಲ್ಲಿ ಅವರ ಇತಿಹಾಸದಲ್ಲೇ ಮೊದಲ ಸಲ. 1941ರ ಮಾರ್ಚ್ 11ಕ್ಕೆ ಲೆಂಡ್-ಲೀಸ್ ಕಾಯ್ದೆ ಬಂತು, ಬ್ರಿಟನ್ನಿಗೆ ಶಸ್ತ್ರಾಸ್ತ್ರ ಹರಿಯತೊಡಗಿತು. ಅದನ್ನು ಹೊತ್ತ ಹಡಗುಗಳಿಗೆ ಅಟ್ಲಾಂಟಿಕ್‌ನಲ್ಲಿ ಅಮೆರಿಕದ ನೌಕೆಗಳೇ ಕಾವಲು. ಸೆಪ್ಟೆಂಬರ್ 4ಕ್ಕೆ ಗ್ರೀರ್ ನೌಕೆಗೂ ಜರ್ಮನ್ ಜಲಾಂತರ್ಗಾಮಿಗೂ ಜಟಾಪಟಿ, ಅಕ್ಟೋಬರ್ 17ಕ್ಕೆ ಕರ್ನಿ ನೌಕೆಗೆ ಟಾರ್ಪಿಡೊ ಏಟು, ಅಕ್ಟೋಬರ್ 31ಕ್ಕೆ ರೂಬೆನ್ ಜೇಮ್ಸ್ ಮುಳುಗಿ 115 ನಾವಿಕರು ಸತ್ತರು. ಇದನ್ನು ಯುದ್ಧ ಅನ್ನದೆ ಮತ್ತೆಂತ ಅನ್ನಬೇಕು?

ಹೊಸನಗರದಾಕೆ · 8:51

ಭಟ್ರೆ, ನೀವು ಕೊಟ್ಟ ಉದಾಹರಣೆಯೇ ನಿಮ್ಮ ವಾದವನ್ನು ಬೀಳಿಸುತ್ತೆ. 115 ಜನ ಸತ್ತರೂ ಯುದ್ಧ ಘೋಷಣೆ ಆಗಲಿಲ್ಲವಲ್ಲ! 1937ರ ಡಿಸೆಂಬರ್ 12ಕ್ಕೆ ಚೀನಾದ ಯಾಂಗ್ತ್ಸೆ ನದಿಯಲ್ಲಿ ಪನೇ ಅನ್ನುವ ಅಮೆರಿಕದ ಗನ್‌ಬೋಟನ್ನು ಜಪಾನಿ ವಿಮಾನಗಳು ಮುಳುಗಿಸಿದವು. ಜಪಾನ್ ಕ್ಷಮೆ ಕೇಳಿತು, 22 ಲಕ್ಷ ಡಾಲರ್ ಚಿಲ್ಲರೆ ಪರಿಹಾರ ಕೊಟ್ಟಿತು, ವಿಷಯ ಅಲ್ಲಿಗೆ ಮುಗಿಯಿತು. ಅಂದರೆ ಏಟು ಬಿದ್ದ ಕೂಡಲೇ ದೇಶ ಯುದ್ಧಕ್ಕೆ ಹೋಗುತ್ತೆ ಅನ್ನುವುದು ನಿಯಮವೇ ಅಲ್ಲ.

ಮಕ್ಕಳು ಹಿಡಿಯಬೇಕಾದದ್ದು ಮತದ ಲೆಕ್ಕ. ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆಸಿ ಮೇಡಂ:

1941 ಆಗಸ್ಟ್ 12, ಭರ್ತಿಯಾದ ಸೈನಿಕರ ಸೇವಾವಧಿ ವಿಸ್ತರಣೆ, ಪ್ರತಿನಿಧಿ ಸಭೆಯಲ್ಲಿ 203–202. ಒಂದೇ ಒಂದು ಮತ.
1941 ನವೆಂಬರ್ 13, ತಟಸ್ಥ ನೀತಿಯ ಕಾಯ್ದೆ ಸಡಿಲಿಸಿ ವ್ಯಾಪಾರಿ ಹಡಗುಗಳಿಗೆ ತೋಪು ಕೂರಿಸುವುದು, 212–194.
1941 ಡಿಸೆಂಬರ್ 8, ಜಪಾನಿನ ಮೇಲೆ ಯುದ್ಧ ಘೋಷಣೆ, 388–1. ಸೆನೆಟ್‌ನಲ್ಲಿ 82–0.

ರೂಬೆನ್ ಜೇಮ್ಸ್ ಮುಳುಗಿದ್ದು ಎರಡನೇ ಮತಕ್ಕೆ ಎರಡು ವಾರ ಮೊದಲು. ಆದರೂ 194 ಜನ ಬೇಡ ಅಂದರು. ಅದಾಗಿ ನಾಲ್ಕು ವಾರ ತುಂಬುವುದರೊಳಗೆ ಆ 194 ಒಂದಕ್ಕೆ ಇಳಿಯಿತು. 1917ರಲ್ಲಿ ಮೊದಲ ಮಹಾಯುದ್ಧಕ್ಕೆ ಹೋದಾಗಲೂ ಇಷ್ಟು ಒಗ್ಗಟ್ಟು ಇರಲಿಲ್ಲ, ಆಗ 373–50.

ಕೋಣಂದೂರು_ಹುಡುಗ · 8:55

ಅಕ್ಕಾ, ಆ ಒಂದು ಮತ ಯಾರದು?

ಹೊಸನಗರದಾಕೆ · 9:02

ಮೊಂಟಾನಾ ರಾಜ್ಯದ ಜೆನೆಟ್ ರಾಂಕಿನ್. ಅಮೆರಿಕದ ಸಂಸತ್ತಿಗೆ ಆರಿಸಿ ಬಂದ ಮೊದಲ ಮಹಿಳೆ. 1917ರಲ್ಲಿ ಬೇಡ ಅಂದ 50 ಜನರಲ್ಲೂ ಅವರು ಒಬ್ಬರು. ಡಿಸೆಂಬರ್ 8ರಂದು ಮತ ಹಾಕಿ ಹೊರಗೆ ಬಂದಾಗ ಜನ ಮುತ್ತಿಕೊಂಡು, ಅವರು ಟೆಲಿಫೋನ್ ಗೂಡಿನೊಳಗೆ ನಿಂತು ಪೊಲೀಸರನ್ನು ಕರೆಸಬೇಕಾಯಿತು. ಜನರ ಮನಸ್ಸು ಎಷ್ಟು ತಿರುಗಿತ್ತು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಭದ್ರಾವತಿ_ಕುಲುಮೆ · 9:20

ಎಲ್ಲರೂ ಡಿಸೆಂಬರ್ 7ರಿಂದ ಶುರು ಮಾಡ್ತೀರಿ. ಕಬ್ಬಿಣದಿಂದ ಶುರು ಮಾಡಿ.

ಉಕ್ಕು ಮಾಡುವ ಆಗಿನ ಓಪನ್ ಹಾರ್ತ್ ಕುಲುಮೆಗೆ ಬೀಡುಕಬ್ಬಿಣದ ಜತೆ ಗುಜರಿ ಕಬ್ಬಿಣ ಬೇಕೇ ಬೇಕು. ಗುಜರಿ ಇಲ್ಲ ಅಂದರೆ ಅಷ್ಟೂ ಉಕ್ಕನ್ನು ಅದಿರಿನಿಂದಲೇ ತೆಗೀಬೇಕು. ಅದಿರು ಹೆಚ್ಚು, ಕೋಕ್ ಕಲ್ಲಿದ್ದಲು ಹೆಚ್ಚು, ಊದುಕುಲುಮೆ ಹೆಚ್ಚು, ಸಮಯ ಹೆಚ್ಚು. ಜಪಾನಿಗೆ ಗುಜರಿ ಬರ್ತಾ ಇದ್ದದ್ದು ಬಹುಪಾಲು ಅಮೆರಿಕದಿಂದ. 1940ರ ಜುಲೈನಲ್ಲಿ ಒಳ್ಳೆ ದರ್ಜೆಯ ವಿಮಾನ ಪೆಟ್ರೋಲಿಗೆ ಕಡಿವಾಣ, ಸೆಪ್ಟೆಂಬರ್ ಕೊನೆಗೆ ಎಲ್ಲಾ ಗುಜರಿಗೂ ತಡೆ. ಕೊನೆಗೆ ಉಳಿದದ್ದು ತೈಲ.

1941ರ ಜುಲೈನಲ್ಲಿ ಜಪಾನಿ ಸೇನೆ ಇಂಡೋಚೈನಾದ ದಕ್ಷಿಣ ಭಾಗಕ್ಕೆ ಇಳಿಯಿತು. ಜುಲೈ 26ಕ್ಕೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅಮೆರಿಕದಲ್ಲಿದ್ದ ಜಪಾನಿನ ಹಣವನ್ನೆಲ್ಲ ತಡೆಹಿಡಿದರು. ಇಲ್ಲಿ ಒಂದು ಸೂಕ್ಷ್ಮ ಇದೆ: ತೈಲ ಮಾರಬೇಡಿ ಅಂತ ಒಂದೇ ಗೆರೆ ಎಳೆದದ್ದಲ್ಲ. ರಫ್ತಿಗೆ ಒಂದು ಪರವಾನಗಿ ಬೇಕು, ದುಡ್ಡು ಬಿಡಿಸಲು ಇನ್ನೊಂದು. ಮೊದಲನೆಯದು ಸಿಕ್ಕರೂ ಎರಡನೆಯದನ್ನು ಕೊಡುವ ಸಮಿತಿ ಕೊಡಲೇ ಇಲ್ಲ. ಟ್ಯಾಂಕರ್ ಬಂದರಲ್ಲೇ ನಿಂತಿತು, ತೈಲ ಹರಿಯಲಿಲ್ಲ. ಜಪಾನಿನ ತೈಲದಲ್ಲಿ ನೂರಕ್ಕೆ ಸುಮಾರು 80 ಪಾಲು ಅಮೆರಿಕದ್ದು. ಅವರ ಹತ್ತಿರ ಕೂಡಿಟ್ಟದ್ದು ಹೆಚ್ಚೆಂದರೆ ಎರಡು ವರ್ಷಕ್ಕೆ. ಕಾದಷ್ಟೂ ಟ್ಯಾಂಕ್ ಖಾಲಿ.

ಸಾಗರ_ಭಟ್ರು · 9:31

ಅದನ್ನೇ ನಾನೂ ಹೇಳುವುದು ಮಾರಾಯ್ರೆ. ಕುತ್ತಿಗೆ ಹಿಸುಕಿದ ಮೇಲೆ ಅವನು ಕೈ ಎತ್ತಿದ ಅಂತ ದೂರಿದರೆ ಹೇಗೆ? ಅತ್ತ ದರಿ, ಇತ್ತ ಪುಲಿ ಆಗಿತ್ತು ಜಪಾನಿಗೆ.

ಹೊಸನಗರದಾಕೆ · 9:40

ಹುಲಿಯನ್ನು ಸಾಕಿದ್ದು ಅವರೇ ಭಟ್ರೆ. 1937ರಿಂದ ಚೀನಾದಲ್ಲಿ ಊರಿಗೆ ಊರೇ ಸುಡುತ್ತಿದ್ದವರಿಗೆ ತೈಲ ಮಾರುವುದಿಲ್ಲ ಅನ್ನುವುದು ಕುತ್ತಿಗೆ ಹಿಸುಕುವುದಲ್ಲ. ಇಂಡೋಚೈನಾದಿಂದ ವಾಪಸ್ ಹೋಗುವ ದಾರಿ ತೆರೆದೇ ಇತ್ತು. ಆ ದಾರಿ ಬೇಡ ಅಂದದ್ದು ಟೋಕಿಯೊದ ನಿರ್ಧಾರ. ಮಕ್ಕಳಿಗೆ ಕಾರಣ ಬೇರೆ, ಸಮರ್ಥನೆ ಬೇರೆ ಅಂತ ಹೇಳಿಕೊಡಬೇಕು.

ಜೋಗದ_ನೀರು · 10:15

ದಾಳಿ ನಡೆದ ಬಗೆ ನಾನು ಬರೀತೀನಿ. ಇದು ಗೊತ್ತಿಲ್ಲದೆ "ಅನಿರೀಕ್ಷಿತ" ಅನ್ನುವ ಮಾತಿನ ತೂಕ ಮಕ್ಕಳಿಗೆ ತಿಳಿಯುವುದಿಲ್ಲ.

ನವೆಂಬರ್ 26ಕ್ಕೆ ಕುರಿಲ್ ದ್ವೀಪಗಳ ಹಿಟೊಕಪ್ಪು ಕೊಲ್ಲಿಯಿಂದ ಆರು ವಿಮಾನವಾಹಕ ನೌಕೆಗಳು ಹೊರಟವು: ಅಕಾಗಿ, ಕಾಗಾ, ಸೊರ್ಯು, ಹಿರ್ಯು, ಶೊಕಾಕು, ಜುಯಿಕಾಕು. ದಂಡನಾಯಕ ಚುಯಿಚಿ ನಗುಮೊ, ಯೋಜನೆಯ ಮೂಲ ಇಸೊರೊಕು ಯಮಾಮೊಟೊ. ಚಳಿಗಾಲದ ಉತ್ತರ ಪೆಸಿಫಿಕ್ ದಾರಿ ಹಿಡಿದರು, ಅಲ್ಲಿ ವ್ಯಾಪಾರಿ ಹಡಗು ಸುಳಿಯುವುದು ಕಡಿಮೆ. ರೇಡಿಯೊ ಪೂರಾ ಮೌನ. ದೊಡ್ಡ ತಲೆನೋವು ಇಂಧನ. ಕೆಲವು ನೌಕೆಗಳಿಗೆ ಅಷ್ಟು ದೂರ ಓಡುವ ಶಕ್ತಿಯೇ ಇಲ್ಲ, ಡ್ರಮ್ಮುಗಳಲ್ಲಿ ತೈಲ ತುಂಬಿ ಎಲ್ಲೆಲ್ಲಿ ಜಾಗ ಇದೆಯೋ ಅಲ್ಲಲ್ಲಿ ಇಟ್ಟುಕೊಂಡು, ನಡುಗಡಲಿನಲ್ಲಿ ಟ್ಯಾಂಕರಿನಿಂದ ತುಂಬಿಸುತ್ತ ಹೋದರು.

ಈಗ ಟಾರ್ಪಿಡೊ. ವಿಮಾನದಿಂದ ಬಿಟ್ಟ ಟಾರ್ಪಿಡೊ ನೀರಿಗೆ ಬಿದ್ದ ರಭಸಕ್ಕೆ ಮೊದಲು ಆಳಕ್ಕೆ ಹೋಗಿ ಆಮೇಲೆ ಮೇಲೆದ್ದು ಓಡುತ್ತೆ. ಸಾಮಾನ್ಯವಾಗಿ 30 ಮೀಟರ್ ಆಳ ಬೇಕು. ಪರ್ಲ್ ಹಾರ್ಬರ್ ಆಳ ಸುಮಾರು 12 ಮೀಟರ್. ನಮ್ಮ ತೋಟದ ಒಂದು ಬೆಳೆದ ಅಡಿಕೆ ಮರವನ್ನು ಅಲ್ಲಿ ನಿಲ್ಲಿಸಿದರೆ ಗರಿ ನೀರಿನ ಮೇಲೆ ಕಾಣಬೇಕು, ಅಷ್ಟೆ ಆಳ. ಹಾಗಾಗಿ ಇಲ್ಲಿ ಟಾರ್ಪಿಡೊ ಕೆಸರಿಗೆ ಹೂತು ಹೋಗುತ್ತೆ ಅಂತ ಅಮೆರಿಕದವರ ಎಣಿಕೆ. ಹಡಗುಗಳ ಸುತ್ತ ರಕ್ಷಣೆಯ ಬಲೆಯನ್ನೂ ಕಟ್ಟಲಿಲ್ಲ, ಓಡಾಟಕ್ಕೆ ಅಡ್ಡಿ ಅಂತ.

ಜಪಾನಿಗಳು ಮಾಡಿದ್ದು ಮರಗೆಲಸ. ಟಾರ್ಪಿಡೊ ಬಾಲಕ್ಕೆ ಮರದ ರೆಕ್ಕೆ ಕೂರಿಸಿದರು. ಗಾಳಿಯಲ್ಲಿ ಇರುವಷ್ಟು ಹೊತ್ತು ಅದು ಟಾರ್ಪಿಡೊವನ್ನು ಸರಿಯಾದ ಕೋನದಲ್ಲಿ ಹಿಡಿಯುತ್ತೆ, ನೀರು ಮುಟ್ಟಿದ ತಕ್ಷಣ ಮುರಿದು ಉದುರುತ್ತೆ. ಜತೆಗೆ ಟಾರ್ಪಿಡೊ ಮಗ್ಗುಲಿಗೆ ಉರುಳದಂತೆ ತಡೆಯುವ ಸಣ್ಣ ರೆಕ್ಕೆಗಳು. ಉರುಳಿದರೆ ಚುಕ್ಕಾಣಿ ಅಡ್ಡಾದಿಡ್ಡಿಯಾಗಿ ಇನ್ನೂ ಆಳಕ್ಕೆ ಇಳಿಯುತ್ತೆ. ಪೈಲಟ್‌ಗಳು ಕಾಗೊಶಿಮಾ ಕೊಲ್ಲಿಯಲ್ಲಿ 20 ಮೀಟರ್ ಆಸುಪಾಸಿನ ಎತ್ತರದಲ್ಲಿ ಹಾರಿ ಬಿಡುವುದನ್ನು ತಿಂಗಳುಗಟ್ಟಲೆ ಕಲಿತರು.

ಯುದ್ಧನೌಕೆಗಳನ್ನು ಜೋಡಿಯಾಗಿ ಕಟ್ಟಿದ್ದರು. ಹೊರಗಿನದಕ್ಕೆ ಟಾರ್ಪಿಡೊ ತಾಗುತ್ತೆ, ಒಳಗಿನದಕ್ಕೆ ತಾಗಲ್ಲ. ಅದಕ್ಕೆ ಬೇರೆ ಮದ್ದು: 16 ಅಂಗುಲದ ತೋಪಿನ ಗುಂಡುಗಳನ್ನೇ ಕಡೆದು ಬಾಲ ಕಟ್ಟಿ 800 ಕಿಲೋ ಬಾಂಬ್ ಮಾಡಿದರು. 3,000 ಮೀಟರ್ ಎತ್ತರದಿಂದ ಬಿಟ್ಟರೆ ಅದು ಉಕ್ಕಿನ ಡೆಕ್ ಸೀಳಿ ಒಳಗೆ ಹೋಗಿ ಸಿಡಿಯುತ್ತೆ. ಅಂಥದ್ದೊಂದು ಅರಿಜೋನಾದ ಮುಂಭಾಗಕ್ಕೆ ಬಿದ್ದು ಮದ್ದಿನ ಕೋಣೆ ಸಿಡಿಯಿತು. ಆ ಒಂದೇ ಹಡಗಿನಲ್ಲಿ 1,177 ಸಾವು. ಒಟ್ಟು ಸತ್ತ 2,403 ಜನರಲ್ಲಿ ಹತ್ತಿರತ್ತಿರ ಅರ್ಧ.

ಮೊದಲ ಅಲೆ 183 ವಿಮಾನ. ಅಲ್ಲಿನ ಗಡಿಯಾರದಲ್ಲಿ ಭಾನುವಾರ ಬೆಳಿಗ್ಗೆ 7:55. ಈಗಿನ ಭಾರತೀಯ ಕಾಲಮಾನಕ್ಕೆ ಇಳಿಸಿದರೆ ರಾತ್ರಿ 11:55.

ಭದ್ರಾವತಿ_ಕುಲುಮೆ · 10:28

ಓಕ್ಲಹೋಮಾ ಬಗ್ಗೆ ಒಂದು ಮಾತು ಸೇರಿಸಿ. ಟಾರ್ಪಿಡೊಗಳು ಒಂದೇ ಮಗ್ಗುಲಿಗೆ ಬಡಿದು ಹಡಗು ಕೆಲವೇ ನಿಮಿಷದಲ್ಲಿ ಮಗುಚಿತು. 429 ಜನ ಹೋದರು. ತಳ ಮೇಲಾಗಿ ನಿಂತ ಹಡಗಿನ ಒಳಗಿಂದ ಬಡಿಯುವ ಸದ್ದು ಕೇಳುತ್ತಿತ್ತು. ಮೊದಲು ಗ್ಯಾಸ್ ಕಟರ್ ಹಿಡಿದರು, ಅದು ಒಳಗಿನ ಆಮ್ಲಜನಕವನ್ನೇ ತಿಂದುಹಾಕಿ ಒಳಗಿದ್ದವರು ಉಸಿರುಕಟ್ಟಿ ಸತ್ತರು. ಆಮೇಲೆ ಗಾಳಿ ಒತ್ತಡದ ಉಳಿಯಿಂದ ತಗಡು ಕಡಿದು ತೆಗೆದರು. ಅದರಲ್ಲೂ ಅಪಾಯ: ತೂತು ಬಿದ್ದ ಕೂಡಲೇ ಒಳಗಿನ ಗಾಳಿ ಹೊರಗೆ ಬಂದು ನೀರು ಮೇಲೇರುತ್ತೆ, ಬೇಗ ಕಡಿಯಬೇಕು. 32 ಜನರನ್ನು ಜೀವಂತ ತೆಗೆದರು.

ಪಕ್ಕದ ವೆಸ್ಟ್ ವರ್ಜೀನಿಯಾಕ್ಕೂ ಹೆಚ್ಚುಕಮ್ಮಿ ಅಷ್ಟೇ ಏಟು. ಅಲ್ಲಿ ಎದುರು ಮಗ್ಗುಲಿನ ಕೋಣೆಗಳಿಗೆ ತಾವೇ ನೀರು ಬಿಟ್ಟರು, ಹಡಗು ಮಗುಚದೆ ನೆಟ್ಟಗೆ ತಳ ಕೂತಿತು. ನೆಟ್ಟಗೆ ಕೂತದ್ದಕ್ಕೇ ಅದನ್ನು ಎತ್ತಿ, ರಿಪೇರಿ ಮಾಡಿ 1944ಕ್ಕೆ ಮತ್ತೆ ಯುದ್ಧಕ್ಕೆ ಕಳಿಸಲು ಆದದ್ದು.

ತುಂಗಾತೀರ · 10:40

ಅಡಿಕೆ ಮರದ ಹೋಲಿಕೆ ಮಕ್ಕಳಿಗೆ ತಕ್ಷಣ ಹಿಡಿಸುತ್ತೆ. ಧನ್ಯವಾದ. ಎರಡನೇ ಪ್ರಶ್ನೆ, ಮುನ್ಸೂಚನೆ?

ಆಗುಂಬೆ_ಮಳೆ · 11:05

ಮುನ್ಸೂಚನೆ ಒಂದಲ್ಲ, ಸಾಲು ಸಾಲಾಗಿ ಇತ್ತು. ಪ್ರತಿಯೊಂದೂ ಎಲ್ಲಿ ಸಿಕ್ಕಿಹಾಕಿಕೊಂಡಿತು ಅನ್ನುವುದನ್ನು ನೋಡಬೇಕು.

ನವೆಂಬರ್ 27ಕ್ಕೇ ಹವಾಯಿಗೆ "ಇದನ್ನು ಯುದ್ಧದ ಎಚ್ಚರಿಕೆ ಎಂದು ತಿಳಿಯಿರಿ" ಅನ್ನುವ ಸಂದೇಶ ಬಂದಿತ್ತು. ಆದರೆ ಅದರಲ್ಲಿ ಹೆಸರಿಸಿದ ಜಾಗಗಳು ಫಿಲಿಪೈನ್ಸ್, ಥಾಯ್ಲೆಂಡ್, ಬೋರ್ನಿಯೊ. ಹವಾಯಿ ಹೆಸರಿಲ್ಲ. ಸೇನೆಯ ಜನರಲ್ ಶಾರ್ಟ್ ಅಪಾಯ ಒಳಗಿನಿಂದ, ಅಂದರೆ ಅಲ್ಲಿನ ಜಪಾನಿ ಮೂಲದವರು ವಿಧ್ವಂಸ ಮಾಡಿಯಾರು ಅಂತ ಅರ್ಥ ಮಾಡಿಕೊಂಡು ವಿಮಾನಗಳನ್ನು ಮೈದಾನದ ನಡುವೆ ರೆಕ್ಕೆಗೆ ರೆಕ್ಕೆ ತಾಗಿಸಿ ಸಾಲಾಗಿ ನಿಲ್ಲಿಸಿದರು. ಕಾವಲಿಗೆ ಅನುಕೂಲ. ಬಾಂಬ್ ಹಾಕುವವನಿಗೆ ಇನ್ನೂ ಅನುಕೂಲ. 188 ವಿಮಾನ ನಾಶ, ಹೆಚ್ಚಿನವು ನೆಲದ ಮೇಲೇ.

ಆ ಬೆಳಿಗ್ಗೆ 6:45ಕ್ಕೆ ವಾರ್ಡ್ ಅನ್ನುವ ನೌಕೆ ಬಂದರಿನ ಬಾಯಲ್ಲಿ ಪುಟ್ಟ ಜಲಾಂತರ್ಗಾಮಿಯೊಂದನ್ನು ಹೊಡೆದು ಮುಳುಗಿಸಿತು, ವರದಿಯನ್ನೂ ಕಳಿಸಿತು. ಮೇಲಿನವರು ಖಚಿತಪಡಿಸಿ ಅಂತ ಕೇಳುತ್ತ ಕೂತರು. ಅದಕ್ಕೂ ಮೊದಲು ಇಂಥ ಸುಳ್ಳು ವರದಿಗಳು ಸಾಕಷ್ಟು ಬಂದಿದ್ದವು. 2002ರಲ್ಲಿ ಆ ಜಲಾಂತರ್ಗಾಮಿ ಕಡಲ ತಳದಲ್ಲಿ ಸಿಕ್ಕಿತು, ಗೋಪುರದಲ್ಲಿ ಗುಂಡಿನ ತೂತು ಹಾಗೇ ಇತ್ತು.

7:02ಕ್ಕೆ ಓಪಾನಾ ರೇಡಾರ್. 7 ಗಂಟೆಗೆ ಮುಚ್ಚಬೇಕಿತ್ತು, ಕರೆದೊಯ್ಯುವ ಲಾರಿ ಬರದ್ದರಿಂದ ಇಬ್ಬರು ಸೈನಿಕರು ಯಂತ್ರ ಆರಿಸದೆ ಇಟ್ಟಿದ್ದರು. 132 ಮೈಲಿ ದೂರದಲ್ಲಿ ದೊಡ್ಡ ಗುಂಪು ಕಂಡಿತು, ಫೋನ್ ಮಾಡಿದರು. ಕೇಂದ್ರದಲ್ಲಿದ್ದ ಲೆಫ್ಟಿನೆಂಟ್‌ಗೆ ಕ್ಯಾಲಿಫೋರ್ನಿಯಾದಿಂದ ಬಿ-17 ವಿಮಾನಗಳು ಬರಲಿವೆ ಅಂತ ಗೊತ್ತಿತ್ತು, ಅವೇ ಇರಬೇಕು ಅಂದುಕೊಂಡು ಚಿಂತೆ ಬೇಡ ಅಂದರು. ಬಿ-17 ಬಂದದ್ದೂ ನಿಜ, 12 ವಿಮಾನ, ದಾಳಿಯ ನಡುವೆಯೇ. ತಪ್ಪಾದದ್ದು ಎಣಿಕೆಯಲ್ಲಿ: ರೇಡಾರ್‌ನವರು ಗುಂಪು ಎಷ್ಟು ದೊಡ್ಡದು ಅಂತ ಒತ್ತಿ ಹೇಳಲಿಲ್ಲ, ಕೇಂದ್ರದವರು ಕೇಳಲಿಲ್ಲ.

ಕೊನೆಯದು ವಾಷಿಂಗ್ಟನ್‌ನಿಂದ ಜನರಲ್ ಮಾರ್ಷಲ್ ಕಳಿಸಿದ ತಂತಿ. ಸೇನೆಯ ರೇಡಿಯೊ ಹವಾಮಾನದ ಗದ್ದಲಕ್ಕೆ ಹವಾಯಿ ಮುಟ್ಟುತ್ತಿರಲಿಲ್ಲ. ಮಾಮೂಲಿ ಟೆಲಿಗ್ರಾಂ ಕಂಪನಿಯ ಮೂಲಕ ಕಳಿಸಿದರು, "ತುರ್ತು" ಅನ್ನುವ ಗುರುತೂ ಇರಲಿಲ್ಲ. ಅದು ಶಾರ್ಟ್ ಕೈ ಸೇರುವಾಗ ಹಡಗುಗಳು ಮುಳುಗಿ ಆಗಿತ್ತು.

ಕೋಣಂದೂರು_ಹುಡುಗ · 11:12

ಇಷ್ಟೆಲ್ಲ ಗೊತ್ತಿದ್ದೂ ಸುಮ್ಮನಿದ್ದರು ಅಂದರೆ ರೂಸ್‌ವೆಲ್ಟ್ ಬೇಕಂತಲೇ ಬಿಟ್ಟದ್ದು ಅಂತ ಸ್ಪಷ್ಟ ಅಲ್ವಾ? ಜಪಾನಿನ ಗುಪ್ತಲಿಪಿ ಒಡೆದಿದ್ದರಂತಲ್ಲ.

ಆಗುಂಬೆ_ಮಳೆ · 11:30

ಒಡೆದದ್ದು ರಾಯಭಾರ ಕಚೇರಿಗಳ ಗುಪ್ತಲಿಪಿ ತಮ್ಮಾ, ಪರ್ಪಲ್ ಅಂತಾರೆ. ನಗುಮೊ ಪಡೆ ಎಲ್ಲಿದೆ ಅಂತ ಟೋಕಿಯೊ ತನ್ನ ರಾಯಭಾರಿಗಳಿಗೇ ಹೇಳಿರಲಿಲ್ಲ. ಹೇಳದೇ ಇದ್ದದ್ದನ್ನು ಓದುವುದು ಹೇಗೆ? ನೌಕಾಪಡೆಯ ಲಿಪಿಯನ್ನು ಆಗ ಉಪಯೋಗಕ್ಕೆ ಬರುವಷ್ಟು ಓದಲು ಆಗುತ್ತಿರಲಿಲ್ಲ.

ನಿಜವಾಗಿ ಕೈತಪ್ಪಿದ ಸುಳಿವು ಒಂದು ಇದೆ, ಅದನ್ನು ಮಕ್ಕಳಿಗೆ ಹೇಳಿ. ಸೆಪ್ಟೆಂಬರ್ 24ಕ್ಕೆ ಟೋಕಿಯೊ ತನ್ನ ಹೊನೊಲುಲು ಕಚೇರಿಗೆ ಬಂದರನ್ನು ಐದು ಭಾಗ ಮಾಡಿ ಯಾವ ಭಾಗದಲ್ಲಿ ಯಾವ ಹಡಗು ನಿಲ್ಲುತ್ತೆ ಅಂತ ತಿಳಿಸಲು ಹೇಳಿತು. ಅಕ್ಟೋಬರ್‌ನಲ್ಲಿ ಅಮೆರಿಕದವರು ಅದನ್ನು ಓದಿದರು. ಆದರೆ ಹವಾಯಿಯ ಅಡ್ಮಿರಲ್ ಕಿಮ್ಮೆಲ್‌ಗೆ ಕಳಿಸಲಿಲ್ಲ. ಅದು ಪಿತೂರಿ ಅಲ್ಲ, ಓದುವವರ ಮೇಜಿಗೂ ಕಾಯುವವರ ಮೇಜಿಗೂ ನಡುವೆ ಸಂಪರ್ಕ ಇಲ್ಲದ್ದರ ಫಲ. ಮತ್ತೆ, ಯುದ್ಧಕ್ಕೆ ನೆಪ ಬೇಕಿದ್ದರೆ ದಾಳಿ ನಡೆದರೆ ಸಾಕಿತ್ತು, ಎಂಟು ಯುದ್ಧನೌಕೆ ಬಲಿ ಕೊಡುವ ಅಗತ್ಯ ಇರಲಿಲ್ಲ.

ಕೋಣಂದೂರು_ಹುಡುಗ · 11:36

ಸರಿ ಅಣ್ಣ, ಆ ಕೊನೆಯ ಮಾತು ಒಪ್ಪಿದೆ.

ನಗರ_ಕೋಟೆ · 11:50

ಇಷ್ಟು ದೂರ ಯಾಕೆ, ನಮ್ಮ ಬಿದನೂರನ್ನೇ ನೋಡಿ. 1763ರಲ್ಲಿ ಹೈದರಾಲಿ ಬಂದ ವೇಗಕ್ಕೆ ಕೆಳದಿ ಸಂಸ್ಥಾನವೇ ಮುಗಿಯಿತು. ಅದಕ್ಕಿಂತ ದೊಡ್ಡ ಆಘಾತ ಉಂಟೇ?

ಜೋಗದ_ನೀರು · 12:04

ಒಳ್ಳೆ ಹೋಲಿಕೆ, ಆದರೆ ಫಲ ಉಲ್ಟಾ. ಬಿದನೂರು ಅಂದರೆ ರಾಜಧಾನಿ, ಖಜಾನೆ, ಕೋಟೆ, ಎಲ್ಲ ಒಂದೇ ಕಡೆ. ಅದು ಬಿದ್ದ ಮೇಲೆ ಎದ್ದು ನಿಲ್ಲಲು ನೆಲ ಇಲ್ಲ. ಪರ್ಲ್ ಹಾರ್ಬರ್ ಅಮೆರಿಕದ ಅಂಗಳದ ಆಚೆಯ ಬೇಲಿ. ಹಡಗುಕಟ್ಟೆ, ಉಕ್ಕಿನ ಕಾರ್ಖಾನೆ ಎಲ್ಲ ಇದ್ದದ್ದು ಸುಮಾರು 3,800 ಕಿಲೋಮೀಟರ್ ಆಚೆಗಿನ ಮುಖ್ಯ ನೆಲದಲ್ಲಿ. ಹೆಜ್ಜೇನಿನ ಗೂಡಿಗೆ ಕಲ್ಲು ಬಿತ್ತು, ಹುಳ ಒಂದೂ ಸಾಯಲಿಲ್ಲ ಅನ್ನುವ ಸ್ಥಿತಿ.

ಬಂದರಿನಲ್ಲೂ ಮುಖ್ಯವಾದದ್ದು ಉಳಿಯಿತು. ನೆಲದ ಮೇಲೆ ಬಯಲಲ್ಲಿ 45 ಲಕ್ಷ ಬ್ಯಾರೆಲ್ ತೈಲ ಇತ್ತು, ಬ್ಯಾರೆಲ್ಲಿಗೆ 159 ಲೀಟರ್ ಅಂದರೆ 71 ಕೋಟಿ ಲೀಟರ್ ಮೀರಿ. ಅದಕ್ಕೆ ಒಂದು ಬಾಂಬೂ ಬೀಳಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುವ ಗಾದೆ ಇದ್ದ ಹಾಗೇ ಆಯಿತು, ಅದೂ ತೈಲಕ್ಕಾಗಿ ಯುದ್ಧ ಹೂಡಿದವರಿಗೆ. ಡ್ರೈ ಡಾಕ್, ರಿಪೇರಿ ಶೆಡ್ಡು, ಜಲಾಂತರ್ಗಾಮಿ ನೆಲೆ ಎಲ್ಲ ಕೆಲಸಕ್ಕೆ ಬರುವಂತೆಯೇ ಉಳಿದವು. ಎಂಟಕ್ಕೆ ಎಂಟೂ ಯುದ್ಧನೌಕೆಗೆ ಏಟು ಬಿದ್ದರೂ ಶಾಶ್ವತವಾಗಿ ಹೋದದ್ದು ಅರಿಜೋನಾ, ಓಕ್ಲಹೋಮಾ ಎರಡೇ. ವಿಮಾನವಾಹಕ ನೌಕೆಗಳು ಬಂದರಿನಲ್ಲಿ ಇರಲೇ ಇಲ್ಲ: ಎಂಟರ್‌ಪ್ರೈಸ್ ವೇಕ್ ದ್ವೀಪದಿಂದ ವಾಪಸಾಗುತ್ತಿತ್ತು, ಲೆಕ್ಸಿಂಗ್ಟನ್ ಮಿಡ್‌ವೇ ಕಡೆ ಹೊರಟಿತ್ತು, ಸರಟೋಗಾ ಸ್ಯಾನ್ ಡಿಯಾಗೊದಲ್ಲಿ. ಮುಂದಿನ ಮೇ ಕೊನೆಗೆ ಯಾರ್ಕ್‌ಟೌನ್ ನೌಕೆಯನ್ನು ಇದೇ ಡ್ರೈ ಡಾಕ್‌ನಲ್ಲಿ ಮೂರು ದಿನದಲ್ಲಿ ತೇಪೆ ಹಾಕಿ ಮಿಡ್‌ವೇಗೆ ಕಳಿಸಿದರು. ಅಲ್ಲಿ ಆ ಆರರಲ್ಲಿ ನಾಲ್ಕು ಜಪಾನಿ ವಾಹಕ ನೌಕೆಗಳು ಮುಳುಗಿದವು.

ಸಾಗರ_ಭಟ್ರು · 12:15

ಮೂರನೇ ಅಲೆ ಕಳಿಸದೆ ನಗುಮೊ ಹೆದರಿ ಓಡಿದ್ದು ಅಂತಲೇ ಹೇಳ್ತಾರೆ.

ಜೋಗದ_ನೀರು · 12:22

ಹೆದರಿ ಅನ್ನಬೇಡಿ. ಮೊದಲ ಅಲೆಯಲ್ಲಿ 9 ವಿಮಾನ ಹೋಯಿತು, ಎರಡನೆಯದರಲ್ಲಿ 20, ಅಂದರೆ ತೋಪಿನವರು ಎಚ್ಚೆತ್ತಿದ್ದರು. ಮತ್ತೆ ಇಂಧನ, ಬಾಂಬ್ ತುಂಬಿ ಕಳಿಸಿದರೆ ವಾಪಸ್ ಇಳಿಯುವುದು ಕತ್ತಲಲ್ಲಿ. ಅಮೆರಿಕದ ವಾಹಕ ನೌಕೆಗಳು ಎಲ್ಲಿವೆ ಅಂತ ಗೊತ್ತಿಲ್ಲ. ಆರು ನೌಕೆಗಳನ್ನು ಇಡಿಯಾಗಿ ತಿರುಗಿ ತರುವುದೂ ಅವನ ಜವಾಬ್ದಾರಿ. ತಪ್ಪು ಇದ್ದದ್ದು ಆ ದಿನದ ತೀರ್ಮಾನಕ್ಕಿಂತ ಹೆಚ್ಚಾಗಿ ಮೂಲ ಯೋಜನೆಯಲ್ಲಿ. ಗುರಿಪಟ್ಟಿ ಮಾಡುವಾಗ ಹಡಗು ಎಣಿಸಿದರು, ತೈಲ ಎಣಿಸಲಿಲ್ಲ.

ಆಗುಂಬೆ_ಮಳೆ · 12:40

ಹೋಲಿಕೆಗೆ ನಮ್ಮದೇ 1971 ಕೊಡಿ ಮೇಡಂ. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಅಮೃತಸರ, ಪಠಾಣ್‌ಕೋಟ್, ಶ್ರೀನಗರ, ಅಂಬಾಲಾ, ಆಗ್ರಾ ಹೀಗೆ ನಮ್ಮ ವಾಯುನೆಲೆಗಳ ಮೇಲೆ ಎರಗಿದವು. ಆಗಿದ್ದು ಅಷ್ಟಕ್ಕಷ್ಟೆ. 1965ರ ಸೆಪ್ಟೆಂಬರ್ 6ಕ್ಕೆ ಪಠಾಣ್‌ಕೋಟ್‌ನಲ್ಲಿ ಬಯಲಲ್ಲಿ ನಿಂತ ವಿಮಾನಗಳನ್ನು ಕಳಕೊಂಡ ಮೇಲೆ ನಮ್ಮವರು ದಪ್ಪ ಗೋಡೆಯ ಗೂಡು ಕಟ್ಟಿ ಒಂದೊಂದನ್ನೂ ಬೇರೆ ಬೇರೆ ನಿಲ್ಲಿಸಿದ್ದರು. ರನ್‌ವೇ ಗುಂಡಿಗಳನ್ನು ಬೇಗ ಮುಚ್ಚಿದರು, ಪ್ರತಿದಾಳಿ ಅದೇ ರಾತ್ರಿ. ಡಿಸೆಂಬರ್ 16ಕ್ಕೆ ಢಾಕಾ. ಆದರೆ ಭಾರತ ಆಗ ಒಲ್ಲದ ದೇಶ ಅಲ್ಲ, ತಯಾರಾಗಿಯೇ ಇತ್ತು. ಅಲ್ಲಿ ದಾಳಿ ಮನಸ್ಸು ತಿರುಗಿಸಲಿಲ್ಲ, ಯಾರು ಮೊದಲು ಕೈ ಎತ್ತಿದರು ಅನ್ನುವ ಪ್ರಶ್ನೆ ತೀರಿಸಿತು.

ತುಂಗಾತೀರ · 12:48

ಜರ್ಮನಿ ಪ್ರಶ್ನೆಗೆ ಯಾರೂ ಬರಲಿಲ್ಲ.

ಹೊಸನಗರದಾಕೆ · 1:20

ಬಂದೆ ಮೇಡಂ. ಇಡೀ ಚರ್ಚೆಯ ಗಂಟು ಇರುವುದೇ ಇಲ್ಲಿ.

ಡಿಸೆಂಬರ್ 8ರ ಭಾಷಣವನ್ನು ಮಕ್ಕಳಿಗೆ ಪೂರ್ತಿ ಓದಿಸಿ, ಆರೇಳು ನಿಮಿಷದ್ದು. ಅದರಲ್ಲಿ ಜರ್ಮನಿಯ ಹೆಸರೇ ಇಲ್ಲ. ಮೊದಲ ಕರಡಿನಲ್ಲಿ ಈ ದಿನ "ವಿಶ್ವ ಇತಿಹಾಸದಲ್ಲಿ" ಉಳಿಯುತ್ತೆ ಅಂತ ಇತ್ತು, ರೂಸ್‌ವೆಲ್ಟ್ ಅದನ್ನು ಹೊಡೆದು ಕೈಯಾರೆ "ಅಪಕೀರ್ತಿಯಲ್ಲಿ" ಅಂತ ತಿದ್ದಿದರು. ಒಂದು ಪದದಲ್ಲಿ ಸುದ್ದಿ ಹೋಗಿ ಆರೋಪ ಬಂತು. ಆಮೇಲೆ ಭಾಷಣ ಹಿಡಿಯುವ ಎಳೆ, ಮಾತುಕತೆ ನಡೆಯುತ್ತಿರುವಾಗಲೇ ಹೊಡೆದರು ಅನ್ನುವುದು. ಅದು ನಿಜ ಕೂಡ. ಮಾತುಕತೆ ಮುರಿಯುವ 14 ಭಾಗಗಳ ಪತ್ರವನ್ನು ವಾಷಿಂಗ್ಟನ್ ಸಮಯ ಮಧ್ಯಾಹ್ನ 1ಕ್ಕೆ ಕೊಡಬೇಕಿತ್ತು, ಹವಾಯಿಯಲ್ಲಿ ಆಗ 7:30. ಜಪಾನಿ ಕಚೇರಿಯಲ್ಲಿ ಲಿಪಿ ಬಿಡಿಸಿ ಟೈಪ್ ಮಾಡುವುದರಲ್ಲಿ ತಡವಾಗಿ ರಾಯಭಾರಿ ನೊಮುರಾ ಅದನ್ನು ಕೊಟ್ಟದ್ದು 2:20ಕ್ಕೆ. ಸರಿಯಾದ ಸಮಯಕ್ಕೆ ಕೊಟ್ಟಿದ್ದರೂ ಅದರಲ್ಲಿ ಯುದ್ಧ ಘೋಷಣೆ ಇರಲಿಲ್ಲ. ಸ್ಪಷ್ಟ ಮುನ್ನೆಚ್ಚರಿಕೆ ಕೊಡದೆ ಯುದ್ಧ ಆರಂಭಿಸಬಾರದು ಅಂತ 1907ರ ಹೇಗ್ ಒಪ್ಪಂದ ಹೇಳುತ್ತೆ.

ಈ ಮೂರು ಕೂಡಿದ್ದರಿಂದ ಮನಸ್ಸು ತಿರುಗಿತು: ತಮ್ಮ ನೆಲ, ಮಾತುಕತೆಯ ನಡುವೆ, ಹೇಳದೆ. ಪನೇ ಚೀನಾದ ನದಿಯಲ್ಲಿತ್ತು, ರೂಬೆನ್ ಜೇಮ್ಸ್ ಕಾವಲಿಗೆ ಹೋಗಿತ್ತು, ಅಲ್ಲಿಗೆ ಹೋದದ್ದೇ ತಪ್ಪು ಅನ್ನಲು ಜಾಗ ಇತ್ತು. ಇಲ್ಲಿ ಆ ಜಾಗ ಉಳಿಯಲಿಲ್ಲ. ಯುದ್ಧವಿರೋಧಿಗಳ ದೊಡ್ಡ ಸಂಘಟನೆ "ಅಮೆರಿಕ ಫಸ್ಟ್" ಕೆಲವೇ ದಿನದಲ್ಲಿ ತಾನಾಗಿ ಬಾಗಿಲು ಹಾಕಿತು.

ಆದರೆ ಅದು ಜಪಾನಿನ ವಿರುದ್ಧ. ಜರ್ಮನಿ ಮೇಲೂ ಹೋಗೋಣ ಅಂದರೆ ಸಂಸತ್ತು ಒಪ್ಪುತ್ತಿತ್ತೇ ಅನ್ನುವುದು ತೆರೆದ ಪ್ರಶ್ನೆ. ಅದನ್ನು ಮುಚ್ಚಿದ್ದು ಹಿಟ್ಲರ್. ಡಿಸೆಂಬರ್ 11ಕ್ಕೆ ಅವನೇ ಅಮೆರಿಕದ ಮೇಲೆ ಯುದ್ಧ ಸಾರಿದ. ಜರ್ಮನಿ, ಇಟಲಿ, ಜಪಾನ್ ನಡುವಿನ 1940ರ ತ್ರಿಪಕ್ಷ ಒಪ್ಪಂದದ ಪ್ರಕಾರ ಜಪಾನಿನ ಮೇಲೆ ಬೇರೆಯವರು ದಾಳಿ ಮಾಡಿದರೆ ಮಾತ್ರ ಸಹಾಯಕ್ಕೆ ಬರಬೇಕು, ಜಪಾನ್ ತಾನೇ ಹೊಡೆದರೆ ಜರ್ಮನಿಗೆ ಬಾಧ್ಯತೆ ಇಲ್ಲ. ಅದೇ ದಿನ ಅಮೆರಿಕ ತಿರುಗಿ ಘೋಷಿಸಿತು, 393–0, ಸೆನೆಟ್‌ನಲ್ಲಿ 88–0. ರಾಂಕಿನ್ ಈ ಸಲ ವಿರೋಧಿಸಲಿಲ್ಲ, "ಹಾಜರು" ಅಂತಷ್ಟೇ ಹೇಳಿದರು.

ಸಾಗರ_ಭಟ್ರು · 1:38

ಇದು ಒಪ್ಪಬೇಕಾದ ಮಾತು. ಹಾಗಾದರೆ ನನ್ನ ವಾದ ತಿದ್ದಿಕೊಳ್ತೀನಿ: ಯುರೋಪಿನ ಯುದ್ಧಕ್ಕೆ ಅಮೆರಿಕ ಜಾರುತ್ತಿತ್ತು, ಆದರೆ ಬಾಗಿಲು ದಾಟಿಸಿದ್ದು ಡಿಸೆಂಬರ್ 7 ಒಂದೇ ಅಲ್ಲ, 11 ಕೂಡ.

ಆದರೆ ಒಂದು ಎಚ್ಚರ ಸೇರಿಸಿ. ದಾಳಿಯ ಸುದ್ದಿ ಬಂದ ಕೂಡಲೇ ಮತ ಹಾಕುವ ಅಭ್ಯಾಸ ಅಪಾಯ. 1898ರ ಫೆಬ್ರವರಿ 15ಕ್ಕೆ ಹವಾನಾದಲ್ಲಿ ಮೇನ್ ನೌಕೆ ಸಿಡಿಯಿತು, ಸ್ಪೇನ್ ಮಾಡಿದ್ದು ಅಂತ ಯುದ್ಧಕ್ಕೆ ಹೋದರು. 1976ರಲ್ಲಿ ಅಡ್ಮಿರಲ್ ರಿಕೋವರ್ ತಂಡ ಪರಿಶೀಲಿಸಿ, ಒಳಗಿನ ಕಲ್ಲಿದ್ದಲು ಕೋಣೆಯ ಬೆಂಕಿಯೇ ಕಾರಣ ಇರಬೇಕು ಅಂದಿತು. 1964ರ ಆಗಸ್ಟ್ 4ಕ್ಕೆ ಟೊಂಕಿನ್ ಕೊಲ್ಲಿಯಲ್ಲಿ ನಡೆಯಿತೆಂದ ಎರಡನೇ ದಾಳಿ ನಡೆದೇ ಇರಲಿಲ್ಲ. ಆದರೂ ಮತ 416–0 ಮತ್ತು 88–2. ವಿಯೆಟ್ನಾಂ ಸುಟ್ಟದ್ದು ಆ ಮತದ ಮೇಲೆ.

ಹೊಸನಗರದಾಕೆ · 1:45

ಇದಕ್ಕೆ ಪೂರ್ತಿ ಸಹಮತ. ಡಿಸೆಂಬರ್ 7ರ ಸಿಟ್ಟಿನ ಇನ್ನೊಂದು ಫಲವನ್ನೂ ಮಕ್ಕಳು ಹೇಳಲೇಬೇಕು: 1942ರ ಫೆಬ್ರವರಿ 19ರ ಆದೇಶದಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿದರು. ಹೆಚ್ಚಿನವರು ಅಮೆರಿಕದ ಪ್ರಜೆಗಳೇ.

ಶಿಕಾರಿಪುರ_ಸೀಮೆ · 2:30

ಇಷ್ಟು ಹೊತ್ತು ಓದಿದೆ. ಅಮೆರಿಕ ಮತ ಹಾಕಿ ಯುದ್ಧಕ್ಕೆ ಹೋಯಿತು, ನಮ್ಮದು? 1939ರ ಸೆಪ್ಟೆಂಬರ್ 3ಕ್ಕೆ ವೈಸ್‌ರಾಯ್ ಲಿನ್ಲಿತ್‌ಗೊ ಒಂದು ಘೋಷಣೆಯಿಂದ ಭಾರತವನ್ನು ಯುದ್ಧಕ್ಕೆ ದೂಡಿದ. ದಾಳಿ ಇಲ್ಲ, ಮತ ಇಲ್ಲ, ಯಾರನ್ನೂ ಕೇಳಲಿಲ್ಲ. ಅದಕ್ಕೇ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಒಲ್ಲದ ದೇಶ ಅಂದರೆ ನಾವು.

ಮತ್ತೆ ಆ ದಾಳಿಯ ಎಳೆ ನಮ್ಮ ತಾಲ್ಲೂಕಿನವರೆಗೆ ಬರುತ್ತೆ. ಪರ್ಲ್ ಹಾರ್ಬರ್‌ಗೆ ಒಂದು ಗಂಟೆಗೂ ಮೊದಲೇ ಜಪಾನಿ ಸೇನೆ ಮಲಯಾದ ಕೋಟ ಭಾರುವಿನಲ್ಲಿ ಇಳಿದಿತ್ತು. 1942ರ ಫೆಬ್ರವರಿ 15ಕ್ಕೆ ಸಿಂಗಪುರ, ಮಾರ್ಚ್ 8ಕ್ಕೆ ರಂಗೂನ್. ಏಪ್ರಿಲ್ 5ಕ್ಕೆ ಅದೇ ನಗುಮೊ ಕೊಲಂಬೊ ಮೇಲೆ ದಾಳಿ ಮಾಡಿದ, ಮರುದಿನ ವಿಶಾಖಪಟ್ಟಣ, ಕಾಕಿನಾಡ ಮೇಲೆ ಬಾಂಬ್ ಬಿತ್ತು. ಸಿಂಗಪುರ, ರಂಗೂನ್ ಕೈಬಿಟ್ಟು ಗಾಬರಿಗೊಂಡ ಬ್ರಿಟನ್ ಮಾರ್ಚ್‌ನಲ್ಲೇ ತನ್ನ ಮಂತ್ರಿ ಕ್ರಿಪ್ಸ್‌ನನ್ನು ಮಾತುಕತೆಗೆ ಕಳಿಸಿತ್ತು, ಮಾತುಕತೆ ಮುರಿಯಿತು, ಆಗಸ್ಟ್ 8ಕ್ಕೆ ಕ್ವಿಟ್ ಇಂಡಿಯಾ ನಿರ್ಣಯ. ಸೆಪ್ಟೆಂಬರ್‌ನಲ್ಲಿ ಈಸೂರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂತ ನಿಂತ ಆ ಊರಿನ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದರು. ಶಿವಮೊಗ್ಗದಲ್ಲಿ ಸ್ಪರ್ಧೆ ಇಟ್ಟು ಇದನ್ನು ಹೇಳದೆ ಬಿಟ್ಟರೆ ಹೇಗೆ?

ಸಾಗರ_ಭಟ್ರು · 2:41

ಈಸೂರಿಗೆ ಕಾರಣ ಬ್ರಿಟಿಷರ ಆಡಳಿತ, ಜಪಾನಿನ ದಾಳಿ ಅಲ್ಲ. ಅಷ್ಟು ದೂರ ಎಳೀಬೇಡಿ.

ಶಿಕಾರಿಪುರ_ಸೀಮೆ · 2:50

ಕಾರಣ ಅಂತ ನಾನೂ ಹೇಳಲಿಲ್ಲ ಭಟ್ರೆ. ಸಿಟ್ಟು ಮೊದಲೇ ಇತ್ತು, ಅದಕ್ಕೆ ಆ ವರ್ಷ, ಆ ತಿಂಗಳು ಕೊಟ್ಟದ್ದು ಪೂರ್ವದ ಯುದ್ಧ. ಕ್ರಿಪ್ಸ್ 1942ರಲ್ಲೇ ಯಾಕೆ ಬಂದ ಅಂತ ಕೇಳಿ ನೋಡಿ.

ಭದ್ರಾವತಿ_ಕುಲುಮೆ · 3:05

ಬೆಂಗಳೂರಿಗೂ ಬಂತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹಿರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ 1943ಕ್ಕೆ ಅಮೆರಿಕದ ವಾಯುಪಡೆಯ ಕೈಗೆ ಹೋಗಿ ವಿಮಾನ ರಿಪೇರಿ ನೆಲೆ ಆಯಿತು. ಒಲ್ಲೆ ಅಂತಿದ್ದ ದೇಶದ ವಿಮಾನ ಎರಡು ವರ್ಷದೊಳಗೆ ನಮ್ಮ ಬೆಂಗಳೂರಲ್ಲಿ ರಿಪೇರಿ ಆಗ್ತಿತ್ತು.

ತುಂಗಾತೀರ · 4:10

ಎಲ್ಲರಿಗೂ ಮನಸಾರೆ ಧನ್ಯವಾದ. ವಿಷಯವನ್ನು ಬದಲಾಯಿಸುತ್ತಿದ್ದೇನೆ: "ಅಮೆರಿಕವನ್ನು ಯುರೋಪಿನ ಯುದ್ಧಕ್ಕೆ ಎಳೆದದ್ದು ಡಿಸೆಂಬರ್ 7 ಅಲ್ಲ, ಡಿಸೆಂಬರ್ 11." ಮತಗಳ ಲೆಕ್ಕ, ಬಂದರಿನ ಆಳ, ತೈಲದ ಲೆಕ್ಕ ಟಿಪ್ಪಣಿಯ ಮೊದಲ ಪುಟದಲ್ಲಿ. ಈಸೂರು ಕೊನೆಯ ಪುಟದಲ್ಲಿ ಖಂಡಿತ ಇರುತ್ತೆ.

ಜೋಗದ_ನೀರು · 4:25

ಎರಡು ತಿದ್ದುಪಡಿ ಮೇಡಂ, ತೀರ್ಪುಗಾರರಿಗೂ ತಿಳಿಸಿ. 2,403ರಲ್ಲಿ 68 ಜನ ನಾಗರಿಕರು. ಅವರಲ್ಲಿ ಹಲವರು ಸತ್ತದ್ದು ಜಪಾನಿ ಬಾಂಬಿನಿಂದಲ್ಲ, ಅಮೆರಿಕದವರೇ ಗಡಿಬಿಡಿಯಲ್ಲಿ ಫ್ಯೂಸ್ ಸರಿ ಹೊಂದಿಸದೆ ಹಾರಿಸಿದ ಗುಂಡುಗಳು ಆಕಾಶದಲ್ಲಿ ಸಿಡಿಯದೆ ಊರಿನ ಮೇಲೆ ಬಿದ್ದು. ಇನ್ನೊಂದು, ದಾಳಿಯ ಹೊತ್ತಿಗೆ ಟೋಕಿಯೊದಲ್ಲಿ ಡಿಸೆಂಬರ್ 8ರ ಬೆಳಗಿನ ಜಾವ 3:25. ಜಪಾನಿ ಬರಹಗಳಲ್ಲಿ 8 ಅಂತಲೇ ಇರುತ್ತೆ. ಯಾರಾದರೂ ಹುಡುಗಿಯೋ ಹುಡುಗನೋ ಡಿಸೆಂಬರ್ 8 ಅಂದರೆ ತಪ್ಪು ಅಂತ ಅಂಕ ಕಳೀಬೇಡಿ, ಯಾವ ಊರಿನ ಗಡಿಯಾರ ಅಂತ ಕೇಳಿ.